ಪೈಪ್ ಸ್ಟ್ರೆಸ್ ಅನಾಲಿಸಿಸ್ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪೈಪಿಂಗ್ ಕಡೆ ಬರುವ ಹುಡುಗ ಹುಡುಗಿಯರು ಫೋನಿನಲ್ಲಿ, ಮೇಲ್‌ನಲ್ಲಿ, ಊಟದ ಹೊತ್ತಿನಲ್ಲಿ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅವರು ಕೇಳಿದ ಮಾತಿನಲ್ಲೇ ಬರೆದಿದ್ದೇನೆ. ಮೊದಲಿನವು ಈಗಷ್ಟೇ ಶುರು ಮಾಡುವವರಿಗೆ, ಕೊನೆಯವು ಒಂದೆರಡು ವರ್ಷ ಕೆಲಸ ಮಾಡಿದವರಿಗೆ. ಉದಾಹರಣೆಗಳು ಸೀಸರ್ 2 ಸಾಫ್ಟ್‌ವೇರಿನವು. ಲೆಕ್ಕ ಪ್ರೋಸೆಸ್ ಪೈಪಿಂಗ್‌ನ ಬಿ31.3 ಕೋಡಿನದು, ಅಂದರೆ ಕಾರ್ಖಾನೆ ಪೈಪ್‌ಗಳಿಗೆ ಅಮೆರಿಕದ ಎಎಸ್‌ಎಂಇ ಸಂಸ್ಥೆ ಬರೆದ ನಿಯಮಾವಳಿಯದು.

## ಶುರು ಮಾಡುವ ಮುಂಚೆ

ಸರ್, ಸ್ಟ್ರೆಸ್ ಅನಾಲಿಸಿಸ್ ಅಂದ್ರೆ ಪೈಪ್ ಒಡೆಯುತ್ತಾ ಇಲ್ವಾ ಅಂತ ನೋಡೋದಾ?

ಅದು ಅರ್ಧ ಮಾತ್ರ. ಒಳಗಿನ ಒತ್ತಡಕ್ಕೆ ಪೈಪ್ ಎಷ್ಟು ದಪ್ಪ ಇರಬೇಕು ಅನ್ನುವುದು ನಮ್ಮ ಕೈಗೆ ಬರುವ ಮುಂಚೆಯೇ ತೀರ್ಮಾನವಾಗಿರುತ್ತದೆ. ನಾವು ನೋಡುವುದು ಬೇರೆ. ಪೈಪ್ ತನ್ನ ತೂಕ ಹೊತ್ತು ನಿಲ್ಲುತ್ತದಾ? ಬಿಸಿಯಾದಾಗ ಹಿಗ್ಗಲು ಅದಕ್ಕೆ ಜಾಗ ಇದೆಯಾ? ಜಾಗ ಇಲ್ಲದಿದ್ದರೆ ಅದು ಯಾರನ್ನು ತಳ್ಳುತ್ತದೆ? ಪಂಪನ್ನಾ, ಟರ್ಬೈನನ್ನಾ, ಪೈಪ್ ರ‍್ಯಾಕಿನ ಬೀಮನ್ನಾ? ಎಷ್ಟೋ ಸಲ ಪೈಪ್‌ಗೆ ಏನೂ ಆಗುವುದಿಲ್ಲ, ಪಕ್ಕದ ಯಂತ್ರ ಕೆಡುತ್ತದೆ. ಹಾಗಾಗಿ ಈ ಕೆಲಸದಲ್ಲಿ ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ: ಈ ಪೈಪ್ ಎಲ್ಲಿಗೆ ಹೋಗಬೇಕು ಅಂತಿದೆ, ಅದನ್ನು ನಾವು ಎಲ್ಲಿ ತಡೆಯುತ್ತಿದ್ದೇವೆ?

ಬಿಸಿಗೆ ಪೈಪ್ ಹಿಗ್ಗೋದು ಕೂದಲೆಳೆಯಷ್ಟು ಅಲ್ವಾ? ಅದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

ಲೆಕ್ಕ ಹಾಕಿಯೇ ನೋಡಿ. ಕಾರ್ಬನ್ ಸ್ಟೀಲ್ ಒಂದು ಮೀಟರಿಗೆ, 100 ಡಿಗ್ರಿ ಏರಿಕೆಗೆ, ಸುಮಾರು 1.2 ಮಿಲಿಮೀಟರ್ ಹಿಗ್ಗುತ್ತದೆ. 30 ಮೀಟರ್ ಲೈನ್ ಅಂದರೆ 36 ಮಿಲಿಮೀಟರ್. ಸ್ಟೇನ್‌ಲೆಸ್ ಸ್ಟೀಲ್ ಇನ್ನೂ ಜಾಸ್ತಿ, ಸುಮಾರು ಒಂದೂವರೆ ಪಟ್ಟು.

ಈಗ ಅದೇ ಲೈನಿನ ಎರಡೂ ತುದಿ ಬಿಗಿಯಾಗಿ ಹಿಡಿದಿದ್ದೇವೆ ಅಂದುಕೊಳ್ಳಿ. ಹಿಗ್ಗಲು ಬಿಡದ ಸ್ಟೀಲಿನೊಳಗೆ ಸುಮಾರು 240 ಮೆಗಾಪ್ಯಾಸ್ಕಲ್ ಸ್ಟ್ರೆಸ್ ಹುಟ್ಟುತ್ತದೆ. ಪೈಪ್ 3 ಮೀಟರ್ ಇರಲಿ, 300 ಮೀಟರ್ ಇರಲಿ, ಈ ಸಂಖ್ಯೆ ಬದಲಾಗುವುದಿಲ್ಲ. 6 ಇಂಚಿನ ಶೆಡ್ಯೂಲ್ 40 (ಗೋಡೆಯ ದಪ್ಪ ಹೇಳುವ ಸಂಖ್ಯೆ) ಪೈಪ್‌ನ ಲೋಹದ ಅಡ್ಡ ವಿಸ್ತೀರ್ಣ ಸುಮಾರು 3,600 ಚದರ ಮಿಲಿಮೀಟರ್. ಗುಣಿಸಿದರೆ 864 ಕಿಲೋನ್ಯೂಟನ್, ಅಂದರೆ 88 ಟನ್ ತಳ್ಳು. ತುಂಬಿದ ಲಾರಿ ಎರಡೋ ಮೂರೋ ಸೇರಿದಷ್ಟು ಭಾರ. ಯಾವ ಬೀಮೂ ಅದನ್ನು ಸುಮ್ನೆ ತಡೆದುಕೊಳ್ಳುವುದಿಲ್ಲ. ಅಷ್ಟು ಹೊತ್ತಿಗೆ ಪೈಪೇ ಪಕ್ಕಕ್ಕೆ ಬಾಗಿರುತ್ತದೆ, ಇಲ್ಲ ಸಪೋರ್ಟ್ ಕಿತ್ತು ಬಂದಿರುತ್ತದೆ.

ನಾನು ಡಿಪ್ಲೊಮಾ ಮಾಡಿದ್ದು. ಇದಕ್ಕೆ ಎಂಟೆಕ್ ಬೇಕಾ?

ಬೇಡ. ಎರಡನೇ ವರ್ಷದ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಗಟ್ಟಿಯಾಗಿದ್ದರೆ ಸಾಕು. ಕ್ಯಾಂಟಿಲಿವರ್ ಬೀಮ್ ಎಷ್ಟು ಬಾಗುತ್ತದೆ, ಬೆಂಡಿಂಗ್ ಮೊಮೆಂಟ್ ಎಲ್ಲಿ ಜಾಸ್ತಿ, ಇವು ಪುಸ್ತಕ ನೋಡದೆ ಬರಬೇಕು. ಅದರ ಜೊತೆಗೆ ಐಸೊಮೆಟ್ರಿಕ್ ಡ್ರಾಯಿಂಗ್ ಓದಲು ಬರಬೇಕು. ಫ್ಯಾಬ್ರಿಕೇಶನ್ ಶಾಪಿನಲ್ಲಿ ಎರಡು ವರ್ಷ ಓಡಾಡಿದ ಡಿಪ್ಲೊಮಾದವರಿಗೆ ಇದು ಕೈಯಲ್ಲೇ ಇರುತ್ತದೆ. ಹೊಸದಾಗಿ ಬಿಇ ಮುಗಿಸಿ ಬಂದವರಿಗೆ ಅಲ್ಲೇ ಕಷ್ಟ. ನೀವು ಹಿಂದೆ ಇದ್ದೀರಿ ಅಂದುಕೊಳ್ಳಬೇಡಿ.

ಕೆಲಸ ಎಲ್ಲಿ ಸಿಗುತ್ತೆ?

ರಿಫೈನರಿ, ಪೆಟ್ರೋಕೆಮಿಕಲ್, ವಿದ್ಯುತ್ ಸ್ಥಾವರ, ಗೊಬ್ಬರ, ಸ್ಟೀಲ್, ಔಷಧ. ಬಿಸಿ ಪೈಪ್ ಇರುವಲ್ಲೆಲ್ಲ ಈ ಲೆಕ್ಕ ಬೇಕು. ನಮ್ಮಲ್ಲೇ ಮಂಗಳೂರಿನ ರಿಫೈನರಿ, ರಾಯಚೂರು ಮತ್ತು ಬಳ್ಳಾರಿಯ ಉಷ್ಣ ವಿದ್ಯುತ್ ಸ್ಥಾವರಗಳು, ತೋರಣಗಲ್ಲಿನ ಸ್ಟೀಲ್ ಕಾರ್ಖಾನೆ ಇವೆ. ಮಂಡ್ಯ, ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಗಳೂ ಇವೆ. ಆದರೆ ಅನಾಲಿಸಿಸ್ ಕೂತು ಮಾಡುವುದು ಹೆಚ್ಚಾಗಿ ಡಿಸೈನ್ ಆಫೀಸುಗಳಲ್ಲಿ. ಬೆಂಗಳೂರಿನಲ್ಲಿ ಕೂತು ಸೌದಿಯ ಪ್ಲಾಂಟಿಗೆ ಲೆಕ್ಕ ಹಾಕುವವರು ಬಹಳ ಮಂದಿ ಇದ್ದಾರೆ.

ಸೀಸರ್ ಕಲಿಯಲಾ, ಆಟೋಪೈಪ್ ಕಲಿಯಲಾ?

ಕೆಲಸದ ಜಾಹೀರಾತಿನಲ್ಲಿ ಹೆಚ್ಚಾಗಿ ಕಾಣುವ ಹೆಸರು ಸೀಸರ್ 2. 1984ರಲ್ಲಿ ಕೋಡ್ (COADE) ಅನ್ನುವ ಅಮೆರಿಕದ ಕಂಪನಿ ತಂದದ್ದು, ಆಮೇಲೆ ಹೆಕ್ಸಗನ್ ಕೈಗೆ ಬಂತು. ಬೆಂಟ್ಲಿಯ ಆಟೋಪೈಪ್, ಎಸ್‌ಎಸ್‌ಟಿ ಸಿಸ್ಟಮ್ಸ್‌ನ ಕೇಪೈಪ್, ಜರ್ಮನಿಯ ರೋರ್ 2 ಕೂಡ ಒಳ್ಳೆಯವೇ. ಒಳಗೆ ಎಲ್ಲವೂ ಒಂದೇ ಕೆಲಸ ಮಾಡುತ್ತವೆ: ಪೈಪನ್ನು ಬೀಮ್ ತುಂಡುಗಳಾಗಿ ನೋಡಿ, ಪ್ರತಿ ತುಂಡಿನ ತುದಿಯ ಚಲನೆ, ಬಲ, ಮೊಮೆಂಟ್ ಕಂಡುಹಿಡಿಯುವುದು. ಒಂದನ್ನು ಅರ್ಥ ಮಾಡಿಕೊಂಡು ಕಲಿತರೆ ಇನ್ನೊಂದಕ್ಕೆ ಎರಡು ವಾರ ಸಾಕು. ಬಟನ್ ಎಲ್ಲಿದೆ ಅಂತ ಮಾತ್ರ ಕಲಿತಿದ್ದರೆ ಮತ್ತೆ ಮೊದಲಿನಿಂದ ಶುರು.

ಲೈಸೆನ್ಸ್ ದುಬಾರಿ. ಗೆಳೆಯರೊಬ್ಬರು ಕ್ರ್ಯಾಕ್ ಮಾಡಿದ ಕಾಪಿ ಕೊಡ್ತೀನಿ ಅಂದಿದ್ದಾರೆ. ತಗೊಳ್ಳಲಾ?

ತಗೋಬೇಡಿ. ಕಾನೂನಿನ ಮಾತು ಒಂದು ಕಡೆ ಇರಲಿ, ಬಿರುಕು ಬಿಟ್ಟ ಸಾಫ್ಟ್‌ವೇರ್ ಕೊಡುವ ಉತ್ತರವನ್ನು ನಂಬುವುದು ಹೇಗೆ? ನಾವು ಸಹಿ ಹಾಕುವ ಲೆಕ್ಕದ ಕೆಳಗೆ ಜನ ಓಡಾಡುತ್ತಾರೆ. ವಿದ್ಯಾರ್ಥಿಗಳಿಗೆ ಕೊಡುವ ಆವೃತ್ತಿ, ಸಣ್ಣ ಮಾಡೆಲ್‌ಗಷ್ಟೇ ಸಾಲುವ ಟ್ರಯಲ್ ಆವೃತ್ತಿ ಇವೆಯಾ ಅಂತ ಆಯಾ ಕಂಪನಿಯನ್ನೇ ಕೇಳಿ. ನೋಡ್ ಅಂದರೆ ಪೈಪಿನ ತುಂಡುಗಳು ಸೇರುವ ಬಿಂದು; ಕಲಿಯಲು ಹದಿನೈದು ಇಪ್ಪತ್ತು ನೋಡ್‌ನ ಮಾಡೆಲ್ ಧಾರಾಳವಾಗಿ ಸಾಕು.

## ಸಾಫ್ಟ್‌ವೇರ್ ತೆರೆದ ಮೇಲೆ

ಮೊದಲನೇ ಮಾಡೆಲ್ ಯಾವುದು ಮಾಡಲಿ?

ಎಲ್ ಆಕಾರದ ಒಂದು ಲೈನ್. ಅಷ್ಟೇ. ಉದ್ದದ ಕಾಲು 30 ಮೀಟರ್, ಅಡ್ಡ ಕಾಲು ಎಷ್ಟು ಅನ್ನುವುದು ನಿಮ್ಮ ಲೆಕ್ಕಕ್ಕೆ ಬಿಟ್ಟದ್ದು. ಎರಡೂ ತುದಿ ಆಂಕರ್, ಅಂದರೆ ಅಲುಗದಂತೆ ಬಿಗಿ. 6 ಇಂಚಿನ ಶೆಡ್ಯೂಲ್ 40, ಎ106 ಗ್ರೇಡ್ ಬಿ ಅನ್ನುವ ಕಾರ್ಬನ್ ಸ್ಟೀಲ್, 30 ಡಿಗ್ರಿಯಿಂದ 130 ಡಿಗ್ರಿಗೆ.

ಕಂಪ್ಯೂಟರ್ ತೆರೆಯುವ ಮುಂಚೆ ಹಾಳೆ ತಗೊಳ್ಳಿ. ಉದ್ದದ ಕಾಲು 36 ಮಿಲಿಮೀಟರ್ ಹಿಗ್ಗುತ್ತದೆ, ಆ ಹಿಗ್ಗನ್ನು ಅಡ್ಡ ಕಾಲು ಬಾಗಿ ನುಂಗಬೇಕು. ಅಡ್ಡ ಕಾಲು ಎಷ್ಟು ಉದ್ದ ಇರಬೇಕು? ಗೈಡೆಡ್ ಕ್ಯಾಂಟಿಲಿವರ್ ಸೂತ್ರ ಇದು: 3, ಸ್ಥಿತಿಸ್ಥಾಪಕ ಗುಣಾಂಕ, ಹೊರವ್ಯಾಸ, ಹಿಗ್ಗು, ಈ ನಾಲ್ಕನ್ನೂ ಗುಣಿಸಿ, ಕೋಡ್ ಬಿಡುವ ಸ್ಟ್ರೆಸ್‌ನಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ನಮ್ಮ ಸಂಖ್ಯೆಗಳು 2,03,000 ಮೆಗಾಪ್ಯಾಸ್ಕಲ್, 168.3 ಮಿಲಿಮೀಟರ್, 36 ಮಿಲಿಮೀಟರ್, 207 ಮೆಗಾಪ್ಯಾಸ್ಕಲ್. ಉತ್ತರ ಸುಮಾರು 4.2 ಮೀಟರ್.

ಈಗ ಸೀಸರ್‌ಗೆ ಬನ್ನಿ. ನೋಡ್ 10ರಿಂದ 20, 20ರಿಂದ 30 ಅಂತ ಹತ್ತತ್ತರ ಅಂತರದಲ್ಲಿ ಸಂಖ್ಯೆ ಕೊಡಿ. ನಡುವೆ ಏನಾದರೂ ಸೇರಿಸಬೇಕಾದರೆ ಜಾಗ ಇರುತ್ತದೆ. ನೀರು ತುಂಬಿದ 6 ಇಂಚಿನ ಪೈಪ್‌ಗೆ ಸುಮಾರು 5 ಮೀಟರಿಗೊಂದು ಸಪೋರ್ಟ್ ಕೊಡಿ. ರನ್ ಮಾಡಿ. ಮೂಲೆಯ ಎಲ್ಬೋ ಎಷ್ಟು ಸರಿಯಿತು? 36ರ ಹತ್ತಿರ ಇರಬೇಕು. ಅಡ್ಡ ಕಾಲನ್ನು 2 ಮೀಟರ್ ಮಾಡಿ ನೋಡಿ, ಆಮೇಲೆ 6 ಮೀಟರ್ ಮಾಡಿ ನೋಡಿ. ಈ ಒಂದು ಮಾಡೆಲ್ ಜೊತೆ ಮೂರು ದಿನ ಆಡಿ. ಮೂರು ತಿಂಗಳ ಕೋರ್ಸಿನಲ್ಲಿ ಸಿಗದ ಅಂದಾಜು ಕೈಗೆ ಬರುತ್ತದೆ.

ವಾಲ್ವ್ ಹಾಕುವಾಗ ಬರೀ ಉದ್ದ ಕೊಟ್ಟರೆ ಸಾಕಲ್ವಾ?

ಸಾಲದು. ವಾಲ್ವ್ ಮತ್ತು ಫ್ಲ್ಯಾಂಜನ್ನು ರಿಜಿಡ್ ಅಂತ ಗುರುತು ಮಾಡಿ, ತೂಕವನ್ನು ನೀವೇ ತುಂಬಬೇಕು. ತೂಕ ಬಿಟ್ಟರೆ ಸಾಫ್ಟ್‌ವೇರ್ ಅದನ್ನು ತೂಕವೇ ಇಲ್ಲದ ಕಡ್ಡಿ ಅಂದುಕೊಳ್ಳುತ್ತದೆ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಕಂಟ್ರೋಲ್ ವಾಲ್ವ್‌ಗೆ ಬಾಡಿಯ ತೂಕ ಮಾತ್ರ ಕೊಟ್ಟಿದ್ದೆ. ಅದನ್ನು ತೆರೆದು ಮುಚ್ಚುವ ಆಕ್ಚುಯೇಟರ್ ಬಿಟ್ಟಿದ್ದೆ. ಆ ಆಕ್ಚುಯೇಟರ್ ಪೈಪಿನ ನಡುಗೆರೆಯಿಂದ ಒಂದು ಮೀಟರ್ ಪಕ್ಕಕ್ಕೆ ಚಾಚಿಕೊಂಡಿತ್ತು. ಪರಿಶೀಲಿಸಿದ ಹಿರಿಯರು ವೆಂಡರ್ ಡ್ರಾಯಿಂಗ್ ತೆಗೆದು, ಮೂಲೆಯಲ್ಲಿದ್ದ ತೂಕದ ಪಟ್ಟಿಯ ಮೇಲೆ ಪೆನ್ಸಿಲ್ಲಿಟ್ಟು ತೋರಿಸಿದರು. ಅದನ್ನು ಸೇರಿಸಿ ಮತ್ತೆ ರನ್ ಮಾಡಿದಾಗ ಪಕ್ಕದ ಸಪೋರ್ಟ್ ಸಾಲದೆ ಬಂತು, ಪೈಪ್ ತಿರುಚಿಕೊಳ್ಳುತ್ತಿತ್ತು. ಅಂದಿನಿಂದ ವೆಂಡರ್ ಡ್ರಾಯಿಂಗ್ ಇಲ್ಲದೆ ಕಂಟ್ರೋಲ್ ವಾಲ್ವ್ ಮಾಡೆಲ್ ಮಾಡಿಲ್ಲ. ತೂಕ ಎಷ್ಟು ಅನ್ನುವುದರಷ್ಟೇ ಅದು ಎಲ್ಲಿ ಕೂತಿದೆ ಅನ್ನುವುದೂ ಮುಖ್ಯ.

ಪ್ಲಸ್ ವೈ, ಗೈಡ್, ಲೈನ್ ಸ್ಟಾಪ್, ಆಂಕರ್ ಎಲ್ಲ ಗೊಂದಲ ಆಗುತ್ತೆ.

ಪೈಪಿನ ಕಡೆಯಿಂದ ಯೋಚಿಸಿ. ಪ್ಲಸ್ ವೈ ಅಂದರೆ ಬೀಮಿನ ಮೇಲೆ ಸುಮ್ನೆ ಕೂತಿದೆ. ಕೆಳಗೆ ಹೋಗಲು ಆಗದು, ಮೇಲೆ ಏಳಬಹುದು, ಜಾರಬಹುದು. ಗೈಡ್ ಅಂದರೆ ಪಕ್ಕಕ್ಕೆ ಹೋಗಬಾರದು, ಉದ್ದಕ್ಕೆ ಜಾರಬಹುದು. ಲೈನ್ ಸ್ಟಾಪ್ ಉದ್ದಕ್ಕೆ ಜಾರುವುದನ್ನು ತಡೆಯುತ್ತದೆ. ಆಂಕರ್ ಆರೂ ಚಲನೆಗಳನ್ನು ಹಿಡಿಯುತ್ತದೆ, ತಿರುಗಲು ಕೂಡ ಬಿಡದು. ಸ್ಟೀಲ್ ಮೇಲೆ ಸ್ಟೀಲ್ ಜಾರುವಲ್ಲಿ ಘರ್ಷಣೆ 0.3 ಅಂತ ಕೊಡುವುದು ರೂಢಿ. ಟೆಫ್ಲಾನ್ ಪ್ಯಾಡ್ ಇದ್ದರೆ 0.1.

ಹೊಸಬರು ಹೆದರಿಕೆಗೆ ಎಲ್ಲ ಕಡೆ ಗೈಡ್, ಸ್ಟಾಪ್ ಹಾಕಿಬಿಡುತ್ತಾರೆ. ಜಾಸ್ತಿ ಹಿಡಿದಷ್ಟೂ ಲೈನ್ ಭದ್ರ ಅನ್ನುವುದು ತಪ್ಪು. ಬಿಸಿ ಲೈನಿನಲ್ಲಿ ಪ್ರತಿಯೊಂದು ಹಿಡಿತಕ್ಕೂ ಕಾರಣ ಹೇಳಲು ಬರಬೇಕು.

ಸಸ್ಟೇನ್ಡ್‌ಗೆ ಒಂದು ಮಿತಿ, ಎಕ್ಸ್‌ಪ್ಯಾನ್ಶನ್‌ಗೆ ಇನ್ನೊಂದು ಮಿತಿ. ಸ್ಟ್ರೆಸ್ ಅಂದ್ರೆ ಸ್ಟ್ರೆಸ್ ತಾನೇ?

ಅಟ್ಟದ ಹಲಗೆಯ ಮೇಲೆ ಅಕ್ಕಿ ಮೂಟೆ ಪೇರಿಸುತ್ತಾ ಹೋಗಿ. ಹಲಗೆ ಬಾಗಿತು ಅಂತ ಮೂಟೆಯ ಭಾರ ಕಮ್ಮಿ ಆಗುವುದಿಲ್ಲ. ಮಿತಿ ದಾಟಿದರೆ ಹಲಗೆ ಮುರಿದೇ ಮುರಿಯುತ್ತದೆ. ತೂಕ ಮತ್ತು ಒತ್ತಡದಿಂದ ಬರುವ ಸಸ್ಟೇನ್ಡ್ ಸ್ಟ್ರೆಸ್ ಇಂಥದ್ದು. ಅದಕ್ಕೇ ಮಿತಿ ಬಿಗಿ. ಎ106 ಗ್ರೇಡ್ ಬಿಗೆ ನಮ್ಮ ತಾಪದಲ್ಲಿ 138 ಮೆಗಾಪ್ಯಾಸ್ಕಲ್.

ಹಿಗ್ಗಿನಿಂದ ಬರುವ ಸ್ಟ್ರೆಸ್ ಹಾಗಲ್ಲ. ಕಂಬಿ ಕಟ್ಟುವವರು ಬೈಂಡಿಂಗ್ ವೈರ್ ತುಂಡು ಮಾಡುವುದನ್ನು ನೋಡಿದ್ದೀರಾ? ಒಂದು ಸಲ ಬಗ್ಗಿಸಿದರೆ ತಂತಿಗೆ ಏನೂ ಆಗದು, ಬಗ್ಗಿ ನಿಲ್ಲುತ್ತದೆ. ಹಿಂದೆ ಮುಂದೆ ಹತ್ತು ಸಲ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ. ಪೈಪೂ ಬಿಸಿ, ತಣ್ಣಗೆ, ಬಿಸಿ, ತಣ್ಣಗೆ ಅಂತ ವರ್ಷಗಟ್ಟಲೆ ಬಾಗುತ್ತದೆ. ಇಲ್ಲಿ ಎಷ್ಟು ಬಾಗಿತು ಅನ್ನುವುದರ ಜೊತೆ ಎಷ್ಟು ಸಲ ಅನ್ನುವುದೂ ಸೇರುತ್ತದೆ. ಅದಕ್ಕೇ ಮಿತಿ ಬೇರೆ: ತಣ್ಣಗಿದ್ದಾಗ ಕೋಡ್ ಬಿಡುವ ಸ್ಟ್ರೆಸ್ಸಿನ 1.25 ಪಟ್ಟು, ಬಿಸಿಯಿದ್ದಾಗ ಬಿಡುವ ಸ್ಟ್ರೆಸ್ಸಿನ 0.25 ಪಟ್ಟು, ಎರಡೂ ಕೂಡಿಸಬೇಕು. ನಮ್ಮ ಪೈಪ್‌ಗೆ 207. ಇದು 7,000 ಆವರ್ತನದವರೆಗೆ. ದಿನಕ್ಕೊಂದು ಸಲ ನಿಲ್ಲಿಸಿ ಶುರು ಮಾಡಿದರೂ 19 ವರ್ಷ. ಅದಕ್ಕಿಂತ ಜಾಸ್ತಿ ಆದರೆ ಮಿತಿ ಇಳಿಸಬೇಕು.

ಎಕ್ಸ್‌ಪ್ಯಾನ್ಶನ್ ಕೇಸ್ ಯಾಕೆ ಎಲ್1 ಮೈನಸ್ ಎಲ್2? ನೇರವಾಗಿ ಟಿ1 ಅಂತ ಹಾಕಿದ್ರೆ ಆಗಲ್ವಾ?

ಒಳ್ಳೆಯ ಪ್ರಶ್ನೆ. ಸಂದರ್ಶನದಲ್ಲೂ ಇದನ್ನು ಕೇಳುತ್ತಾರೆ. ಎಲ್1 ಅಂದರೆ ತೂಕ, ತಾಪ, ಒತ್ತಡ ಮೂರೂ ಸೇರಿದ ಆಪರೇಟಿಂಗ್ ಕೇಸ್. ಎಲ್2 ತೂಕ ಮತ್ತು ಒತ್ತಡ. ಸಪೋರ್ಟುಗಳೆಲ್ಲ ಎರಡೂ ದಿಕ್ಕಿಗೆ ಹಿಡಿಯುವಂಥವು, ಗ್ಯಾಪ್ ಇಲ್ಲ, ಘರ್ಷಣೆ ಇಲ್ಲ ಅಂದರೆ ಟಿ1, ಅಂದರೆ ತಾಪ ಒಂದನ್ನೇ ಹಾಕಿದರೂ ಉತ್ತರ ಅದೇ ಬರುತ್ತದೆ.

ಆದರೆ ನಿಜವಾದ ಲೈನ್ ಹಾಗಿರುವುದಿಲ್ಲ. ಪ್ಲಸ್ ವೈ ಸಪೋರ್ಟಿನಿಂದ ಪೈಪ್ ಎದ್ದು ನಿಲ್ಲುತ್ತದಾ ಇಲ್ಲವಾ ಅನ್ನುವುದನ್ನು ತೀರ್ಮಾನಿಸುವುದು ತೂಕ ಮತ್ತು ತಾಪ ಎರಡೂ ಸೇರಿ. ತೂಕವನ್ನು ಬಿಟ್ಟು ಬರೀ ತಾಪ ಕೊಟ್ಟರೆ, ಪೈಪ್ ಗಾಳಿಯಲ್ಲಿ ತೇಲುವ ವಸ್ತುವಿನ ಹಾಗೆ ಚೂರು ಬಿಸಿಗೇ ಸಪೋರ್ಟ್ ಬಿಟ್ಟು ಏಳುತ್ತದೆ. ಘರ್ಷಣೆಯೂ ಇರುವುದಿಲ್ಲ, ಯಾಕಂದರೆ ಒತ್ತುವ ಭಾರವೇ ಇಲ್ಲ. ಹಾಗಾಗಿ ಬಿಸಿ ಸ್ಥಿತಿಯನ್ನು ಪೂರ್ತಿ ಬಿಡಿಸಿ, ತಣ್ಣಗಿನ ಸ್ಥಿತಿಯನ್ನು ಪೂರ್ತಿ ಬಿಡಿಸಿ, ಎರಡರ ನಡುವಿನ ವ್ಯತ್ಯಾಸ ತೆಗೆಯುತ್ತೇವೆ.

ಇದರ ಜೊತೆಗೊಂದು ಅಭ್ಯಾಸ ಮಾಡಿಕೊಳ್ಳಿ. ಆಪರೇಟಿಂಗ್ ಕೇಸಿನಲ್ಲಿ ಯಾವ ಸಪೋರ್ಟಿನ ಭಾರ ಸೊನ್ನೆ ಆಗಿದೆ ನೋಡಿ. ಅಲ್ಲಿ ಪೈಪ್ ಎದ್ದಿದೆ. ಆ ತೂಕ ಪಕ್ಕದವರ ಮೇಲೆ ಬಿದ್ದಿದೆ.

## ಸ್ವಲ್ಪ ಆಳಕ್ಕೆ

ಎಲ್ಬೋಗೆ ಎಸ್‌ಐಎಫ್ ಅಂತ ಬರುತ್ತಲ್ಲ, ಅದು ಎಲ್ಲಿಂದ ಬಂತು?

ಎಸ್‌ಐಎಫ್ ಅಂದರೆ ಸ್ಟ್ರೆಸ್ ಇಂಟೆನ್ಸಿಫಿಕೇಶನ್ ಫ್ಯಾಕ್ಟರ್, ನೇರ ಪೈಪಿಗಿಂತ ಎಷ್ಟು ಪಟ್ಟು ಸ್ಟ್ರೆಸ್ ಜಾಸ್ತಿ ಹಿಡಿಯಬೇಕು ಅನ್ನುವ ಸಂಖ್ಯೆ. ಬಾಗಿಸಿ ಬಾಗಿಸಿ ಮುರಿದು ನೋಡಿದ್ದರಿಂದ ಬಂತು. ಅಮೆರಿಕದ ಲೂಯಿವಿಲ್ ಊರಿನ ಟ್ಯೂಬ್ ಟರ್ನ್ಸ್ ಕಂಪನಿಯಲ್ಲಿ ಎ. ಆರ್. ಸಿ. ಮಾರ್ಕಲ್ ಅನ್ನುವವರು 1940ರ ದಶಕದಿಂದ ಎಲ್ಬೋ, ಟೀ, ಫ್ಲ್ಯಾಂಜುಗಳನ್ನು ಹಿಂದೆ ಮುಂದೆ ಬಾಗಿಸಿ, ಎಷ್ಟನೇ ಸಲಕ್ಕೆ ಸೋರುತ್ತವೆ ಅಂತ ಲೆಕ್ಕ ಇಟ್ಟರು. 1952ರಲ್ಲಿ ಅದನ್ನು ಪ್ರಕಟಿಸಿದರು. ವೆಲ್ಡ್ ಮಾಡಿದ ನೇರ ಪೈಪ್‌ಗೆ 1 ಅಂತಿಟ್ಟು, ಉಳಿದವನ್ನು ಅದಕ್ಕೆ ಹೋಲಿಸಿದರು.

ನಮ್ಮ 6 ಇಂಚಿನ ಲಾಂಗ್ ರೇಡಿಯಸ್ ಎಲ್ಬೋಗೆ ಆ ಹಳೆಯ ಸೂತ್ರದಲ್ಲಿ ಎಸ್‌ಐಎಫ್ ಸುಮಾರು 2.26, ಫ್ಲೆಕ್ಸಿಬಿಲಿಟಿ ಸುಮಾರು 6.6 ಬರುತ್ತದೆ. ಅಂದರೆ ನೇರ ಪೈಪಿಗಿಂತ ಆರೂವರೆ ಪಟ್ಟು ಸಲೀಸಾಗಿ ಬಾಗುತ್ತದೆ, ಆದರೆ ಅದೇ ಮೊಮೆಂಟಿಗೆ ಎರಡು ಪಟ್ಟಿಗಿಂತ ಜಾಸ್ತಿ ದಣಿಯುತ್ತದೆ. ನಿಮ್ಮ ಎಲ್ ಮಾಡೆಲಿನ ಸ್ಟ್ರೆಸ್ ಕೈಲೆಕ್ಕಕ್ಕೆ ತಾಳೆಯಾಗದೆ ಇರುವುದು ಇದಕ್ಕೇ. ಬಿ31.3ರ 2020ರ ಆವೃತ್ತಿಯಿಂದ ಈ ಸೂತ್ರಗಳ ಪಟ್ಟಿಯನ್ನು ತೆಗೆದು ಬಿ31ಜೆ ಅನ್ನುವ ಬೇರೆ ಪುಸ್ತಕಕ್ಕೆ ಕಳಿಸಿದ್ದಾರೆ. ಟೀ ಜಾಗಗಳಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಯಾವ ಆವೃತ್ತಿಯಲ್ಲಿ ಲೆಕ್ಕ ಹಾಕಿದ್ದೀರಿ ಅಂತ ರಿಪೋರ್ಟಿನಲ್ಲಿ ಬರೆಯಿರಿ.

ಸ್ಟ್ರೆಸ್ ಮಿತಿಯ 40 ಪರ್ಸೆಂಟ್ ಅಷ್ಟೇ ಇದೆ, ಆದ್ರೂ ಪಂಪ್ ನಾಝಲ್ ಫೇಲ್ ಅಂತಿದೆ. ಏನು ಮಾಡೋದು?

ಇದು ದಿನಾ ಆಗುವ ಮಾತು. ಪಂಪ್‌ಗೆ ಪೈಪ್‌ನಷ್ಟು ತಾಳ್ಮೆ ಇಲ್ಲ. ನಾಝಲ್ ಅಂದರೆ ಪೈಪ್ ಬಂದು ಸೇರುವ ಪಂಪಿನ ಬಾಯಿ. ಅದರ ಮೇಲೆ ಬಲ ಬಿದ್ದರೆ ಶಾಫ್ಟಿನ ಅಲೈನ್‌ಮೆಂಟ್ ತಪ್ಪುತ್ತದೆ, ಆಮೇಲೆ ಸೀಲ್, ಬೇರಿಂಗ್ ಒಂದೊಂದಾಗಿ ಹೋಗುತ್ತವೆ. ರಿಫೈನರಿ ಪಂಪ್‌ಗಳಿಗೆ ಎಪಿಐ 610, ಸ್ಟೀಮ್ ಟರ್ಬೈನಿಗೆ ನೆಮಾ ಎಸ್‌ಎಂ 23 ಅನ್ನುವ ಮಾನದಂಡಗಳು ಮಿತಿ ಹೇಳುತ್ತವೆ.

ಮೊದಲು ಕಾರಣ ಹುಡುಕಿ. ಸಸ್ಟೇನ್ಡ್ ಕೇಸಿನಲ್ಲೇ ಭಾರ ಜಾಸ್ತಿ ಇದೆಯಾ? ಹಾಗಾದರೆ ನಾಝಲ್ ಹತ್ತಿರದ ಮೊದಲ ಸಪೋರ್ಟ್ ದೂರ ಆಯಿತು. ಬಿಸಿಯಾದಾಗ ಮಾತ್ರವಾ? ಹಾಗಾದರೆ ಯಾವ ಕಾಲು ತಳ್ಳುತ್ತಿದೆ ನೋಡಿ, ಅದಕ್ಕೆ ಅಡ್ಡವಾಗಿ ಉದ್ದ ಕೊಡಿ, ಇಲ್ಲವೇ ಪಂಪಿನ ನಡುಗೆರೆಗೆ ಸರಿಯಾಗಿ ಒಂದು ಲೈನ್ ಸ್ಟಾಪ್ ಇಟ್ಟು ಹಿಗ್ಗನ್ನು ಬೇರೆ ಕಡೆ ತಿರುಗಿಸಿ.

ಹೊಸಬರು ಮರೆಯುವ ಒಂದು ಸಂಗತಿ ಇದೆ. ಎರಡು ಪಂಪಿನಲ್ಲಿ ಒಂದು ಓಡುತ್ತಿರುತ್ತದೆ, ಒಂದು ತಣ್ಣಗೆ ಸ್ಟ್ಯಾಂಡ್‌ಬೈ ಇರುತ್ತದೆ. ಎರಡೂ ಬಿಸಿ ಅಂತ ಒಂದೇ ಕೇಸ್ ಓಡಿಸಿದರೆ ಎಲ್ಲ ಚೆನ್ನಾಗಿ ಕಾಣುತ್ತದೆ. ಎ ಬಿಸಿ ಬಿ ತಣ್ಣಗೆ, ಬಿ ಬಿಸಿ ಎ ತಣ್ಣಗೆ ಅಂತ ಬೇರೆ ಬೇರೆ ಓಡಿಸಿ. ನಾಝಲನ್ನು ನಿಜವಾಗಿ ಕಾಡುವುದು ಈ ಕೇಸುಗಳೇ.

ಸ್ಪ್ರಿಂಗ್ ಯಾವಾಗ ಹಾಕಬೇಕು?

ಸಪೋರ್ಟ್ ಬೇಕು, ಆದರೆ ಆ ಜಾಗದಲ್ಲಿ ಪೈಪ್ ಮೇಲೆ ಕೆಳಗೆ ಸರಿಯುತ್ತದೆ ಅಂದಾಗ. ಗಟ್ಟಿ ಸಪೋರ್ಟ್ ಇಟ್ಟರೆ ಪೈಪ್ ಎದ್ದಾಗ ಅದು ಖಾಲಿ. ವೇರಿಯಬಲ್ ಸ್ಪ್ರಿಂಗಿನಲ್ಲಿ ಬಿಸಿಗೂ ತಣ್ಣಗಿಗೂ ಭಾರದ ವ್ಯತ್ಯಾಸ ಬಿಸಿಯ ಭಾರದ 25 ಪರ್ಸೆಂಟ್ ಒಳಗಿರಬೇಕು ಅನ್ನುವುದು ರೂಢಿ. ಉದಾಹರಣೆಗೆ ಬಿಸಿಯಲ್ಲಿ 1,000 ಕಿಲೋ ಹೊರಬೇಕು, ಪೈಪ್ 20 ಮಿಲಿಮೀಟರ್ ಸರಿಯುತ್ತದೆ. ಸ್ಪ್ರಿಂಗ್ ಮಿಲಿಮೀಟರಿಗೆ 10 ಕಿಲೋ ಗಟ್ಟಿ ಇದ್ದರೆ ವ್ಯತ್ಯಾಸ 200 ಕಿಲೋ, 20 ಪರ್ಸೆಂಟ್. ನಡೆಯುತ್ತದೆ. ಚಲನೆ ತೀರಾ ಜಾಸ್ತಿ ಇದ್ದರೆ, ಎಷ್ಟು ಸರಿದರೂ ಹೆಚ್ಚುಕಡಿಮೆ ಒಂದೇ ಭಾರ ಹೊರುವ ಕಾನ್‌ಸ್ಟಂಟ್ ಸ್ಪ್ರಿಂಗ್.

ನೀರು ತುಂಬಿ ಒತ್ತಡ ಕೊಟ್ಟು ನೋಡುವ ಹೈಡ್ರೋಟೆಸ್ಟ್ ಮುಗಿದ ಮೇಲೆ, ಲೈನ್ ಬಿಸಿ ಮಾಡುವ ಮುಂಚೆ, ಸ್ಪ್ರಿಂಗಿನ ಲಾಕ್ ಪಿನ್ ತೆಗೆಯಬೇಕು. ಪಿನ್ ಇದ್ದರೆ ಅದು ಸ್ಪ್ರಿಂಗೇ ಅಲ್ಲ, ಬರೀ ಕಬ್ಬಿಣದ ಡಬ್ಬಿ. ಓಡುತ್ತಿರುವ ಪ್ಲಾಂಟಿನಲ್ಲಿ ಕೆಂಪು ಬಣ್ಣದ ಪಿನ್ ಹಾಗೇ ಇದ್ದದ್ದನ್ನು ನಾನೇ ಕಂಡಿದ್ದೇನೆ. ನಿಮ್ಮ ಡ್ರಾಯಿಂಗಿನಲ್ಲಿ ಒಂದು ಸಾಲು ಬರೆದುಬಿಡಿ.

ಬೆಲ್ಲೋಸ್ ಹಾಕಿಬಿಟ್ಟರೆ ಈ ಲೂಪ್, ಸ್ಪ್ರಿಂಗ್ ಯಾವ ತಲೆನೋವೂ ಇರಲ್ಲ ಅಲ್ವಾ?

ಲೂಪ್ ಅಂದರೆ ಹಿಗ್ಗನ್ನು ನುಂಗಲು ಪೈಪಿಗೆ ಕೊಡುವ ಸುತ್ತು, ಬೆಲ್ಲೋಸ್ ಅಂದರೆ ಮಡಿಕೆ ಮಡಿಕೆಯ ತೆಳು ಲೋಹದ ಕೊಳವೆ. ಬೆಲ್ಲೋಸ್ ಹಿಗ್ಗನ್ನು ನುಂಗುತ್ತದೆ, ನಿಜ. ಆದರೆ ಒಳಗಿನ ಒತ್ತಡ ಅದನ್ನು ಅಕಾರ್ಡಿಯನ್ ಹಾಗೆ ಎಳೆದು ಬಿಡಿಸಲು ನೋಡುತ್ತದೆ. ಸರಾಸರಿ 300 ಮಿಲಿಮೀಟರ್ ವ್ಯಾಸದ ಬೆಲ್ಲೋಸಿನಲ್ಲಿ 10 ಬಾರ್ ಒತ್ತಡ ಇದ್ದರೆ ಆ ಎಳೆತ ಸುಮಾರು 7 ಟನ್. ಆ 7 ಟನ್ನನ್ನು ಆಂಕರ್ ಇಲ್ಲವೇ ಟೈ ರಾಡ್ ಹೊರಬೇಕು. ಯಾರೂ ಹೊರದಿದ್ದರೆ ಬೆಲ್ಲೋಸ್ ಹರಿಯುತ್ತದೆ.

ಇಂಗ್ಲೆಂಡಿನ ಫ್ಲಿಕ್ಸ್‌ಬರೋದಲ್ಲಿ ಆದದ್ದು ಇದೇ ಜಾತಿಯದು. ಅಲ್ಲಿನ ರಾಸಾಯನಿಕ ಕಾರ್ಖಾನೆಯಲ್ಲಿ ಸಾಲಾಗಿ ಆರು ರಿಯಾಕ್ಟರ್ ಇದ್ದವು. 5ನೆಯದರಲ್ಲಿ ಬಿರುಕು ಕಂಡಿತು, ತೆಗೆದರು. 4ರಿಂದ 6ಕ್ಕೆ 20 ಇಂಚಿನ ತಾತ್ಕಾಲಿಕ ಪೈಪ್ ಹಾಕಿದರು. ಎರಡು ತುದಿಯಲ್ಲಿ ಬೆಲ್ಲೋಸ್, ನಡುವೆ ಮೆಟ್ಟಿಲಿನ ಹಾಗೆ ಬಾಗಿದ ಪೈಪ್, ಕೆಳಗೆ ಸ್ಕ್ಯಾಫೋಲ್ಡಿಂಗ್. ವರ್ಕ್‌ಶಾಪಿನ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಬರೆದ ಚಿತ್ರ ಬಿಟ್ಟರೆ ಡ್ರಾಯಿಂಗ್ ಇರಲಿಲ್ಲ. ಪೈಪ್ ಬಾಗಿದ್ದರಿಂದ ಒತ್ತಡದ ಬಲ ತಿರುಚುತ್ತದೆ, ಬೆಲ್ಲೋಸನ್ನು ಅಡ್ಡ ಎಳೆಯುತ್ತದೆ ಅನ್ನುವುದನ್ನು ಯಾರೂ ಲೆಕ್ಕ ಹಾಕಿರಲಿಲ್ಲ. 1974ರ ಜೂನ್ 1, ಶನಿವಾರ ಸಂಜೆ ಆ ಪೈಪ್ ಕಿತ್ತು ಹೋಯಿತು. ಸೈಕ್ಲೋಹೆಕ್ಸೇನ್ ಹೊರಬಂದು ಸ್ಫೋಟವಾಯಿತು. 28 ಜನ ಸತ್ತರು. ಬೆಲ್ಲೋಸ್ ಬಿಟ್ಟು ಬೇರೆ ದಾರಿ ಇದ್ದರೆ ನಾನು ಆ ದಾರಿಯನ್ನೇ ಹಿಡಿಯುತ್ತೇನೆ.

ಡೈನಾಮಿಕ್ ಅನಾಲಿಸಿಸ್ ಯಾವಾಗ ಕಲಿಯಲಿ?

ಸ್ಟಾಟಿಕ್‌ನಲ್ಲಿ ಒಂದೆರಡು ವರ್ಷ ಪಳಗಿದ ಮೇಲೆ. ರಿಲೀಫ್ ವಾಲ್ವ್ ತೆರೆದಾಗಿನ ಹಿಂದೊತ್ತು, ವಾಟರ್ ಹ್ಯಾಮರ್, ರೆಸಿಪ್ರೊಕೇಟಿಂಗ್ ಕಂಪ್ರೆಸರಿನ ಕಂಪನ ಇವಕ್ಕೆ ಅದು ಬೇಕು. ಭೂಕಂಪ, ಗಾಳಿ ಬಹುತೇಕ ಸ್ಟಾಟಿಕ್ ಬಲವಾಗಿಯೇ ಹಾಕಿ ಮುಗಿಸುತ್ತೇವೆ.

ಗ್ರೀನ್ ಬಂತು, ಪಾಸ್ ಅಂತು. ಆದ್ರೂ ನನ್ನ ಉತ್ತರ ಸರಿ ಇದೆ ಅಂತ ಹೇಗೆ ಗೊತ್ತಾಗುತ್ತೆ?

ಪಾಸ್ ಅನ್ನುವುದು ನೀವು ಬರೆದ ಮಾಡೆಲಿಗೆ ಸಿಕ್ಕ ಉತ್ತರ. ನಿಜವಾದ ಲೈನಿಗೆ ಅಲ್ಲ. ನಾನು ಮೊದಲು ತೂಕ ಕೂಡಿಸುತ್ತೇನೆ. ನೀರು ತುಂಬಿದ 6 ಇಂಚಿನ ಶೆಡ್ಯೂಲ್ 40 ಮೀಟರಿಗೆ ಸುಮಾರು 47 ಕಿಲೋ: ಪೈಪ್ 28, ನೀರು 19. ಇನ್ಸುಲೇಶನ್, ವಾಲ್ವ್ ಸೇರಿಸಿ. ಸಸ್ಟೇನ್ಡ್ ಕೇಸಿನಲ್ಲಿ ಎಲ್ಲ ಸಪೋರ್ಟುಗಳ ಭಾರ ಕೂಡಿಸಿದರೆ ಇದೇ ಬರಬೇಕು. ಬರದಿದ್ದರೆ ದ್ರವದ ಸಾಂದ್ರತೆ ತಪ್ಪಿದೆ, ಇಲ್ಲ ಯಾವುದೋ ವಾಲ್ವ್ ಖಾಲಿ ಇದೆ.

ಆಮೇಲೆ ಪೈಪ್ ಬಾಗುವ ಚಿತ್ರವನ್ನು ಓಡಿಸಿ ನೋಡುತ್ತೇನೆ. ಓಡಿಸುವ ಮುಂಚೆ ಹಾಳೆಯ ಮೇಲೆ ಬಾಣ ಹಾಕಿಕೊಂಡಿರುತ್ತೇನೆ, ಈ ಮೂಲೆ ಉತ್ತರಕ್ಕೆ ಹೋಗಬೇಕು, ಇದು ಮೇಲೆ ಏಳಬೇಕು ಅಂತ. ಬಾಣಕ್ಕೂ ಚಿತ್ರಕ್ಕೂ ಜಗಳ ಆದರೆ ಯಾರದ್ದು ತಪ್ಪು ಅಂತ ಗೊತ್ತಾಗುವವರೆಗೆ ಮುಂದೆ ಹೋಗುವುದಿಲ್ಲ.

ಮುಂದಿನ ವಾರ ಮೊದಲನೇ ಸಲ ಸೈಟ್‌ಗೆ ಹೋಗ್ತಿದ್ದೀನಿ. ಏನು ನೋಡಲಿ?

ಹೊಸ ಲೈನನ್ನು ಬಿಸಿ ಮಾಡುವ ದಿನ ಸಿಕ್ಕರೆ ಬಿಡಬೇಡಿ. ಒಂದು ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರಿನಿಂದ ಟರ್ಬೈನಿಗೆ ಹೋಗುವ ಸ್ಟೀಮ್ ಲೈನಿಗೆ ಲೆಕ್ಕ ಹಾಕಿದ್ದೆ. ಬೆಳಿಗ್ಗೆ ಪೈಪ್ ತಣ್ಣಗಿದ್ದಾಗ ಲೂಪಿನ ಪಕ್ಕದ ಸಪೋರ್ಟಿಗೆ ಏಣಿ ಹತ್ತಿ, ಪೈಪಿನ ಕೆಳಗಿನ ಪಾದದಂಥ ಶೂ ತುದಿ ಎಲ್ಲಿದೆಯೋ ಅಲ್ಲಿ ಬೀಮಿನ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆದೆ. ನನ್ನ ರಿಪೋರ್ಟಿನಲ್ಲಿ ಆ ನೋಡ್ 62 ಮಿಲಿಮೀಟರ್ ಸರಿಯುತ್ತದೆ ಅಂತಿತ್ತು. ಮಧ್ಯಾಹ್ನ ಸ್ಟೀಮ್ ಬಿಟ್ಟರು. ಮೊದಲು ಏನೂ ಆಗಲಿಲ್ಲ, ಘರ್ಷಣೆ ಹಿಡಿದಿತ್ತು. ಆಮೇಲೆ ಕಿರ್ ಅಂತ ಸದ್ದು ಮಾಡಿ ಒಮ್ಮೆಲೇ ಜಾರಿತು, ನಿಂತಿತು, ಮತ್ತೆ ಜಾರಿತು. ಸಂಜೆ ಮತ್ತೆ ಏಣಿ ಹತ್ತಿ ಟೇಪ್ ಹಿಡಿದೆ. 58 ಇತ್ತು.

ನೀವೂ ಜೇಬಿನಲ್ಲಿ ಒಂದು ಚಾಕ್‌ಪೀಸ್, ಒಂದು ಟೇಪ್ ಇಟ್ಟುಕೊಳ್ಳಿ. ರಿಪೋರ್ಟಿನ ಡಿಸ್‌ಪ್ಲೇಸ್‌ಮೆಂಟ್ ಪುಟದ ಪ್ರಿಂಟ್ ತಗೊಂಡು ಹೋಗಿ. ಗೆರೆ ಎಳೆಯುವ ಮುಂಚೆ ಶಿಫ್ಟ್ ಇನ್‌ಚಾರ್ಜ್‌ಗೆ ಹೇಳಿ, ಇಲ್ಲದಿದ್ದರೆ ಮಧ್ಯಾಹ್ನ ಯಾರಾದರೂ ಒರೆಸಿಬಿಡುತ್ತಾರೆ.